ಊರಿನ ಹೆಸರು, ದೇಶದ ದಾಖಲೆ: ಜೀವವೈವಿಧ್ಯ ಮಾಹಿತಿಯ ಚರಿತ್ರೆಯ ಒಂದು ಅವಲೋಕನ

ಗಿಡಮೂಲಿಕೆಗಳ ತಿಳಿವನ್ನು ಗ್ರಂಥಸ್ಥಗೊಳಿಸುವ ಕಾರ್ಯ ಕನ್ನಡಕ್ಕೆ ಹೊಸತಲ್ಲ. 12ನೆಯ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’, 14ನೆಯ ಶತಮಾನದ ಮಂಗರಾಜನ ವಿಷವೈದ್ಯ ಗ್ರಂಥ ‘ಖಗೇಂದ್ರಮಣಿದರ್ಪಣ’ ಇವುಗಳಲ್ಲಿ ಮೂಲಿಕೆಗಳ ಹೆಸರುಗಳು ಹೇರಳವಾಗಿವೆ. ಆದರೆ ಕೃತಿಯಲ್ಲಿರುವ ಹೆಸರು ಇಂದಿನ ಯಾವ ಗಿಡಕ್ಕೆ ಸಲ್ಲುತ್ತದೆ ಎಂಬಲ್ಲಿ ಓದುಗನು ತಡವರಿಸಬೇಕಾಗುತ್ತದೆ. ಇಂದಿಗೂ ಒಂದೆಲಗವನ್ನು ಬ್ರಾಹ್ಮಿ ಎನ್ನುವವರಿದ್ದಾರೆ, ನೀರುಬ್ರಾಹ್ಮಿಯನ್ನು ಬ್ರಾಹ್ಮಿ ಎನ್ನುವವರೂ ಇದ್ದಾರೆ. ಸಸ್ಯಶಾಸ್ತ್ರದಲ್ಲಿ ಮೊದಲನೆಯದು ಸೆಂಟೆಲ್ಲಾ ಏಷ್ಯಾಟಿಕಾ, ಎರಡನೆಯದು ಬಕೋಪಾ ಮೊನ್ನಿಯೇರಿ. ಅವುಗಳ ಕುಟುಂಬವೇ ಬೇರೆ. ತುಳುವರ ತಿಮರೆಯಾದರೋ ಒಂದೆಲಗವೇ. ದೇಶದ ಜೀವಸಂಪತ್ತಿನ ಮಾಹಿತಿಯನ್ನು ಒಂದೆಡೆ ಕೂಡಿಸಹೊರಟ ಆಧುನಿಕ ಪ್ರಯತ್ನಗಳ ಚರಿತ್ರೆಯೂ ಬಹುಮಟ್ಟಿಗೆ ಈ ತೊಡಕಿನ ಚರಿತ್ರೆಯೇ ಆಗಿದೆ.

ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ, ಸಸ್ಯವಿಜ್ಞಾನಿ ಸೆಸಿಲ್ ಸಲ್ಡಾನ ಅವರು ಡ್ಯಾನ್ ನಿಕಲ್ಸನ್ ಅವರೊಡನೆ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಕೋಶ 1976ರಲ್ಲಿ ಪ್ರಕಟವಾಯಿತು. ಮುಂದೆ ಕರ್ನಾಟಕದ ಸಸ್ಯಕೋಶದ ಎರಡು ಸಂಪುಟಗಳು 1984 ಮತ್ತು 1996ರಲ್ಲಿ ಬಂದವು. ಶಾಸ್ತ್ರಶುದ್ಧವಾದ ಈ ಕೃತಿಗಳ ಭಾಷೆ ಇಂಗ್ಲಿಷ್. ಹಾಸನದ ಕೋಶ ಬಂದ ದಶಕದಲ್ಲೇ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರವನ್ನು ಕನ್ನಡದ ಸವಿಯಾದ ಗದ್ಯಕ್ಕೆ ತಂದಿತು. ಕೋಶ ಮತ್ತು ಕಥನಗಳ ನಡುವೆ ಸೇತುವೆ ಮಾತ್ರ ಏರ್ಪಡಲಿಲ್ಲ.

ಊರಿನವರ ತಿಳಿವನ್ನೇ ಮಾಹಿತಿಯ ಮೂಲವೆಂದು ಪರಿಗಣಿಸಿದ ಪ್ರಯೋಗ ಅದರ ಮುಂದಿನದು. 1992ರ ರಿಯೋ ಸಮಾವೇಶದ ಜೀವವೈವಿಧ್ಯ ಒಪ್ಪಂದದ ತರುವಾಯ, ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಸಂಗಡಿಗರು ಜನತಾ ಜೀವವೈವಿಧ್ಯ ದಾಖಲಾತಿಯ ಕಾರ್ಯಕ್ಕೆ ತೊಡಗಿದರು. 1990ರ ದಶಕದ ಉತ್ತರಾರ್ಧದಲ್ಲಿ ದೇಶದ 52 ಕಡೆ ಇದು ನಡೆಯಿತು. ಕಾರ್ಕಳ ತಾಲೂಕಿನ ಮಾಳ ಅವುಗಳಲ್ಲೊಂದು. ಕಾಲೇಜು ಅಧ್ಯಾಪಕರೂ ವಿದ್ಯಾರ್ಥಿಗಳೂ ಹಳ್ಳಿಗರೊಡನೆ ಕುಳಿತು ಬರೆದುಕೊಂಡರು. ಯಾವ ಗಿಡ ಎಲ್ಲಿದೆ ಎಂಬುದಷ್ಟೇ ಅಲ್ಲ, ಕೆರೆ ಕಾಡುಗಳು ಹೇಗೆ ಬದಲಾದವು, ಆ ತಿಳಿವು ಯಾರಲ್ಲಿದೆ, ಊರಿನವರು ಮುಂದೇನನ್ನು ಬಯಸುತ್ತಾರೆ ಎಂಬುದೂ ದಾಖಲೆಯ ಭಾಗವಾಯಿತು. ಹೇಳಿದವನನ್ನು ಮರೆಯದಿರುವ ಈ ಕ್ರಮವೇ ಅದರ ನಿಜವಾದ ಹಿರಿಮೆ.

2002ರ ಜೀವವೈವಿಧ್ಯ ಅಧಿನಿಯಮ ಬಂದ ಮೇಲೆ ಪ್ರಯೋಗವು ಕಾನೂನಾಯಿತು. ಚೆನ್ನೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರವೂ ಬೆಂಗಳೂರಿನಲ್ಲಿ ರಾಜ್ಯ ಮಂಡಳಿಯೂ 2003ರಲ್ಲಿ ಸ್ಥಾಪನೆಯಾದವು. ಪ್ರತಿ ಸ್ಥಳೀಯ ಸಂಸ್ಥೆಗೂ ಒಂದು ನಿರ್ವಹಣಾ ಸಮಿತಿ, ಅದರ ಕೈಯಲ್ಲಿ ಒಂದು ದಾಖಲಾತಿ ಎಂಬುದು ವಿಧಿ. ಆದರೆ ಕೆಲಸ ಸಾಗಲಿಲ್ಲ. ಕಡೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದ ರಾಜ್ಯ ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ಮಾಳದಂಥ ಊರಿನಲ್ಲಿ ನಿಧಾನವಾಗಿ ಕೇಳಿ ಬರೆದದ್ದಕ್ಕೂ ದಂಡಕ್ಕೆ ಹೆದರಿ ತುಂಬಿದ ನಮೂನೆಗೂ ಅಜಗಜಾಂತರ.

ಇತ್ತ 2008ರಲ್ಲಿ ಭಾರತ ಜೀವವೈವಿಧ್ಯ ಜಾಲತಾಣ ಆರಂಭವಾಯಿತು. ಬೆಂಗಳೂರಿನ ಸ್ಟ್ರ್ಯಾಂಡ್ ಲೈಫ್ ಸೈನ್ಸಸ್, ಏಟ್ರಿ, ಪುದುಚೇರಿಯ ಫ್ರೆಂಚ್ ಸಂಸ್ಥೆ ಇದರಲ್ಲಿ ಪಾಲ್ಗೊಂಡವು. ಯಾರು ಬೇಕಾದರೂ ಕಂಡದ್ದನ್ನು ದಾಖಲಿಸಬಹುದು, ಮಾಹಿತಿ ಎಲ್ಲರಿಗೂ ಮುಕ್ತ ಎಂಬುದು ಅದರ ತತ್ತ್ವ. ಪಂಚಾಯಿತಿಯ ದಾಖಲಾತಿಯದು ಬೇರೆಯೇ ನಿಲುವು. ಅಲ್ಲಿನ ತಿಳಿವು ಊರಿನ ಸ್ವತ್ತು. ವ್ಯಾಪಾರಕ್ಕಾಗಿ ಜೀವಸಂಪನ್ಮೂಲ ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಹಕ್ಕು ಸಮಿತಿಗಿದೆ. ನಾಟಿವೈದ್ಯನ ಮದ್ದಿನ ಗುಟ್ಟು ಬಟಾಬಯಲಾಗಬೇಕೆಂದು ಕೇಳುವುದು ನ್ಯಾಯವಲ್ಲ. ಆದರೆ ಗಿಡದ ಕನ್ನಡ ಹೆಸರು, ಅದರ ಗುರುತು, ಅದು ಬೆಳೆಯುವ ನೆಲೆ ಇವನ್ನೂ ಬೀರುವಿನಲ್ಲಿಟ್ಟು ಬೀಗ ಹಾಕುವುದರಲ್ಲಿ ಅರ್ಥವಿಲ್ಲ.

ಚನ್ನಗಿರಿ ತಾಲೂಕಿನ ಕತ್ತಲಗೆರೆಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಅಂಥ ಕೇಂದ್ರದ ತಾಕಿನಲ್ಲಿ ಬಿತ್ತಿದ ತಳಿಗೆ ಹೆಸರು, ಮೂಲ, ಬಿತ್ತಿದ ದಿನ ಎಲ್ಲವೂ ಬರಹದಲ್ಲಿರುತ್ತವೆ. ಬೇಲಿಯಾಚೆಯ ಬದುವಿನ ಸೊಪ್ಪಿಗೆ ಪಂಚಾಯಿತಿಯ ದಾಖಲಾತಿಯೊಂದೇ ಗತಿ. ಅಲ್ಲಿ ಬರೆದವರು ‘ಬ್ರಾಹ್ಮಿ’ ಎಂದಷ್ಟೇ ಬರೆದು ಬಿಟ್ಟರೆ, ಅದು ಒಂದೆಲಗವೋ ನೀರುಬ್ರಾಹ್ಮಿಯೋ ಎಂಬುದು ಚೆನ್ನೈಯ ಕಚೇರಿಗೆ ತಿಳಿಯುವ ಬಗೆಯಿಲ್ಲ.