ಅಚ್ಚು ತಪ್ಪಿದ ವರಾಹ: ದೋಷವೋ, ಮೋಸವೋ?

ಚಿನ್ನದ ನಾಣ್ಯವೆಂಬುದು ನಮ್ಮ ಹಿರಿಯರ ಮನೆಗಳಲ್ಲಿ ಕೇವಲ ಹಣವಾಗಿರಲಿಲ್ಲ. ಅದು ಮಹ್ರ್ ಆಗಿ ಕೈ ಸೇರುತ್ತಿತ್ತು, ಕಾಸಿನ ಸರವಾಗಿ ಕೊರಳೇರುತ್ತಿತ್ತು, ತಾಯಿಯಿಂದ ಮಗಳಿಗೆ ವಾರಸಾಗಿ ಬರುತ್ತಿತ್ತು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವುದಾದರೊಂದು ಮನೆಯ ಪೆಟ್ಟಿಗೆಯಲ್ಲಿ ಅಂತಹ ನಾಣ್ಯವೊಂದು ಇಂದಿಗೂ ಉಳಿದಿರಬಹುದು. ಅದರ ಅಕ್ಷರ ವಾರೆಯಾಗಿದ್ದರೆ, ಹಿಂಬದಿಯ ಚಿತ್ರದ ನೆರಳು ಮುಂಬದಿಯಲ್ಲಿ ಕಂಡರೆ, ನೋಡಿದವರು ಅದನ್ನು ‘ಖೋಟಾ’ ಎಂದುಬಿಡುವುದು ಸುಲಭ. ಹಾಗೆಂದ ಬಳಿಕ ಅದು ಮೂಸೆಗೆ ಬೀಳುವುದೂ ಸುಲಭ. ಎರಡು ಶತಮಾನಗಳ ಸಾಕ್ಷ್ಯವೊಂದು ಹೀಗೆ ಗಳಿಗೆಯೊಳಗೆ ಕರಗಿಹೋಗುತ್ತದೆ. ಆದುದರಿಂದ ನಾಣ್ಯದ ದೋಷ ಯಾವುದು, ನಾಣ್ಯದ ಮೋಸ ಯಾವುದು ಎಂಬುದನ್ನು ನಾವು ಅರಿತಿರಬೇಕು.

ಈ ಮೂರು ಊರುಗಳ ಪಶ್ಚಿಮಕ್ಕೆ ಬಿದನೂರು, ಅಂದರೆ ಇಂದಿನ ನಗರವಿದೆ, ಈಶಾನ್ಯಕ್ಕೆ ಚಿತ್ರದುರ್ಗವಿದೆ. ಹೈದರ್ ಅಲಿಯವರು 1763ರಲ್ಲಿ ಬಿದನೂರನ್ನೂ 1779ರಲ್ಲಿ ಚಿತ್ರದುರ್ಗವನ್ನೂ ಗೆದ್ದರು. ಮುಂದೆ ಈ ಎರಡೂ ಊರುಗಳಲ್ಲಿ ಮೈಸೂರು ರಾಜ್ಯದ ಟಂಕಸಾಲೆಗಳು ನಡೆದವು. ಹಿಂದಿನ ವರಾಹಗಳ ಮೇಲಿದ್ದ ಶಿವ-ಪಾರ್ವತಿಯರ ಚಿತ್ರವನ್ನು ಹೈದರ್ ಅಲಿಯವರು ತೆಗೆಯಲಿಲ್ಲ. ಇನ್ನೊಂದು ಬದಿಯಲ್ಲಿ, ಚುಕ್ಕೆಗಳ ಹಾಸಿನ ನಡುವೆ, ತಮ್ಮ ಹೆಸರಿನ ಮೊದಲಕ್ಷರವಾದ ‘ಹೇ’ಯನ್ನು ಇರಿಸಿದರು. ಟಿಪ್ಪು ಸುಲ್ತಾನರ ಚಿನ್ನದ ಮೊಹರಿಗೆ ‘ಅಹ್ಮದಿ’ ಎಂಬ ಹೆಸರು ಬಂದಿತು. ಅದರ ತೂಕ ಸುಮಾರು 13.7 ಗ್ರಾಂ. ಅದರ ಅರ್ಧ ‘ಸಿದ್ದೀಕಿ’. ಕಾಲುಭಾಗವಾದ ಸುಮಾರು 3.4 ಗ್ರಾಂ ತೂಕದ ವರಾಹವೇ ‘ಫಾರೂಕಿ’. ಪ್ರವಾದಿ(ಸ)ಯವರ ಹಾಗೂ ಖಲೀಫರಾದ ಅಬೂಬಕರ್(ರ), ಉಮರ್(ರ) ಅವರ ನೆನಪು ಹೀಗೆ ಜನರ ದಿನನಿತ್ಯದ ವ್ಯವಹಾರದೊಳಗೆ ಬೆರೆಯಿತು.

ಈ ನಾಣ್ಯಗಳನ್ನು ಅಚ್ಚೊತ್ತಿದ್ದು ಯಂತ್ರವಲ್ಲ, ಮನುಷ್ಯನ ಕೈ. ಒಂದು ಅಚ್ಚನ್ನು ದಿಮ್ಮಿಯಲ್ಲಿ ಭದ್ರವಾಗಿ ನೆಟ್ಟು, ಅದರ ಮೇಲೆ ತೂಗಿದ ಚಿನ್ನದ ಬಿಲ್ಲೆಯನ್ನಿಟ್ಟು, ಮತ್ತೊಂದು ಅಚ್ಚನ್ನು ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ದಿನವಿಡೀ ನಡೆಯುವ ಈ ಕೆಲಸದಲ್ಲಿ ಒಮ್ಮೊಮ್ಮೆ ಬಿಲ್ಲೆಯನ್ನಿಡುವ ಮೊದಲೇ ಪೆಟ್ಟು ಬೀಳುತ್ತಿತ್ತು. ಆಗ ಎರಡು ಅಚ್ಚುಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಒಂದರ ಗುರುತು ಮತ್ತೊಂದರ ಮೈಮೇಲೆ ಉಳಿದುಬಿಡುತ್ತಿತ್ತು. ಆ ಬಳಿಕ ಆ ಅಚ್ಚಿನಿಂದ ಬಂದ ನಾಣ್ಯಗಳೆಲ್ಲ ಆ ಗುರುತನ್ನು ಹೊತ್ತುಕೊಂಡೇ ಬರುತ್ತಿದ್ದವು.

ಅಚ್ಚುಗಳ ಡಿಕ್ಕಿಯನ್ನು ಗುರುತಿಸಲು ಮೂರು ಲಕ್ಷಣಗಳಿವೆ. ಮೊದಲನೆಯದಾಗಿ, ಕಾಣುವ ನೆರಳು ಎದುರು ಬದಿಯ ಚಿತ್ರದ್ದಾಗಿರಬೇಕು. ಎರಡನೆಯದಾಗಿ, ಅದು ಕನ್ನಡಿಯಲ್ಲಿ ಕಂಡಂತೆ ತಿರುಗಿರಬೇಕು. ಖಾಲಿ ಜಾಗದಲ್ಲಿ ಮಸುಕಾದ ಗೆರೆಯಂತಷ್ಟೇ ಇರಬೇಕು. ಮೂರನೆಯದಾಗಿ, ಅದೇ ಅಚ್ಚಿನ ಮತ್ತೊಂದು ನಾಣ್ಯ ದೊರೆತರೆ, ಅದರಲ್ಲಿಯೂ ಅದೇ ಸ್ಥಳದಲ್ಲಿ ಅದೇ ನೆರಳು ಇರಬಹುದು. ಏಕೆಂದರೆ ಕಲೆಯಿರುವುದು ನಾಣ್ಯದಲ್ಲಲ್ಲ, ಅಚ್ಚಿನಲ್ಲಿ.

ಇದಕ್ಕಿಂತ ಭಿನ್ನವಾದ ತಪ್ಪುಗಳೂ ಉಂಟು. ಅಚ್ಚೊತ್ತಿದ ನಾಣ್ಯ ಮೇಲಿನ ಅಚ್ಚಿಗೇ ಅಂಟಿಕೊಂಡು, ಮುಂದಿನ ಬಿಲ್ಲೆ ಅದರ ಕೆಳಗೆ ಸಿಕ್ಕಿದರೆ, ಹೊಸ ನಾಣ್ಯದ ಎರಡೂ ಬದಿಯಲ್ಲಿ ಒಂದೇ ಚಿತ್ರ ಮೂಡುತ್ತದೆ. ಒಂದು ಬದಿಯಲ್ಲಿ ಉಬ್ಬಿ, ಮತ್ತೊಂದರಲ್ಲಿ ತಗ್ಗಾಗಿ ಮತ್ತು ತಿರುಗಿ. ಎರಡು ಪೆಟ್ಟುಗಳ ನಡುವೆ ಬಿಲ್ಲೆ ಜರುಗಿದರೆ ಅಕ್ಷರಗಳು ಜೋಡಿಯಾಗುತ್ತವೆ. ಅಚ್ಚು ಬಿರುಕು ಬಿಟ್ಟರೆ ನಾಣ್ಯದ ಮೇಲೆ ತೆಳುವಾದ ಉಬ್ಬುಗೆರೆ ಮೂಡುತ್ತದೆ.

ತಪ್ಪೆಂದು ತೋರಿದರೂ ತಪ್ಪಲ್ಲದ ಸಂಗತಿಗಳನ್ನೂ ಗಮನಿಸಬೇಕು. ಟಿಪ್ಪು ಸುಲ್ತಾನರು 1787ರಲ್ಲಿ ಮೌಲೂದಿ ಶಕೆಯನ್ನು ಜಾರಿಗೆ ತಂದ ಬಳಿಕ ನಾಣ್ಯದ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದರು. 1215 ಎಂಬ ವರ್ಷವನ್ನು ಎಡದಿಂದ ಓದಿದವರಿಗೆ ಅದು 5121 ಎಂದು ಕಾಣುತ್ತದೆ! ಇದು ಅಚ್ಚು ಕೊರೆದವನ ಪ್ರಮಾದವಲ್ಲ, ಸುಲ್ತಾನರ ಆಜ್ಞೆ. ವರಾಹದ ಹತ್ತನೆಯ ಒಂದು ಭಾಗವಾದ ಪುಟ್ಟ ಚಿನ್ನದ ಹಣದಲ್ಲಿ ಅರ್ಧ ಅಕ್ಷರವಷ್ಟೇ ಕಾಣುವುದೂ ಸಹಜ. ಬಿಲ್ಲೆಗಿಂತ ಅಚ್ಚೇ ದೊಡ್ಡದಿರುತ್ತಿತ್ತು. ಚಿನಿವಾರರು ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆ, ಸರಕ್ಕೆ ಪೋಣಿಸಲು ಬೆಸೆದ ಕೊಂಡಿಯ ಗುರುತು ಇವೆಲ್ಲ ಟಂಕಸಾಲೆಯಿಂದ ಹೊರಬಂದ ಮೇಲಿನವು.

ಹಾಗಾದರೆ ಮೋಸ ಯಾವುದು? ಇಲ್ಲೊಂದು ಸೂಕ್ಷ್ಮವಿದೆ. ಎರಡು ನಾಣ್ಯಗಳಲ್ಲಿ ಒಂದೇ ಬಿರುಕುಗೆರೆ ಇದ್ದರೆ ಅವು ಒಂದೇ ಅಚ್ಚಿನ ಮಕ್ಕಳೆಂದು ತಿಳಿಯಬಹುದು. ಆದರೆ ಬಳಕೆಯಿಂದಾದ ಒಂದೇ ಗೀರು, ಅಂಚಿನ ಒಂದೇ ತಗ್ಗು ಎರಡರಲ್ಲಿಯೂ ಕಂಡರೆ ಸಂಶಯ ಪಡಬೇಕು; ಅಂತಹವು ಒಂದು ನಾಣ್ಯದಿಂದ ಎರಕ ತೆಗೆದ ಪ್ರತಿಗಳಾಗಿರುವ ಸಂಭವ ಹೆಚ್ಚು. ಮೈಮೇಲೆ ಸಣ್ಣ ಗುಳಿಗಳು, ಅಂಚಿನ ಸುತ್ತ ಎರಕದ ಗೆರೆ ಇದ್ದರೆ ಸಂಶಯ ಬಲವಾಗುತ್ತದೆ. ಡಿಕ್ಕಿಯ ಗುರುತೆಂದು ನಂಬಿಸಲು ನಾಣ್ಯದ ಮೇಲೆ ನಾಣ್ಯವನ್ನಿಟ್ಟು ಒತ್ತಿದರೆ, ಮೂಲ ಚಿತ್ರವೇ ಅಲ್ಲಿ ಚಪ್ಪಟೆಯಾಗಿರುತ್ತದೆ.

ಕೊನೆಯ ನ್ಯಾಯಾಧೀಶ ತಕ್ಕಡಿಯೇ. ಅಲ್ ಖಾಝಿನಿ ಎಂಬ ವಿದ್ವಾಂಸರು 1121ರ ಸುಮಾರಿಗೆ ‘ಮೀಝಾನುಲ್ ಹಿಕ್ಮ’ ಎಂಬ ಗ್ರಂಥವನ್ನು ರಚಿಸಿ, ಲೋಹವನ್ನು ನೀರಿನಲ್ಲಿ ತೂಗಿ ಕಲಬೆರಕೆಯನ್ನು ಪತ್ತೆಹಚ್ಚುವ ಕ್ರಮವನ್ನು ವಿವರಿಸಿದರು. ಅಪ್ಪಟ ಚಿನ್ನ ತನ್ನಷ್ಟೇ ಗಾತ್ರದ ನೀರಿಗಿಂತ 19.3 ಪಟ್ಟು ಭಾರ, ಬೆಳ್ಳಿ 10.5 ಪಟ್ಟು ಮಾತ್ರ. ನಾಣ್ಯವನ್ನು ಕೆರೆಯದೆ, ಕರಗಿಸದೆ ಈ ಪರೀಕ್ಷೆ ಮಾಡಬಹುದು. ಅಚ್ಚು ವಾರೆಯಾದರೂ ತೂಕ ಸರಿಯಿದ್ದರೆ ಟಂಕಸಾಲೆ ತನ್ನ ಮಾತನ್ನು ಉಳಿಸಿಕೊಂಡಿತೆಂದೇ ಅರ್ಥ. ಅಳತೆ-ತೂಕದಲ್ಲಿ ಕಡಿತ ಮಾಡುವವರ ಹೆಸರಿನಲ್ಲಿಯೇ ಕುರ್‌ಆನಿನಲ್ಲಿ ‘ಅಲ್ ಮುತಫ್ಫಿಫೀನ್’ ಎಂಬ ಅಧ್ಯಾಯವಿರುವುದನ್ನು ಇಲ್ಲಿ ಸ್ಮರಿಸಬಹುದು. ಅಪರಾಧವಿರುವುದು ಕೈತಪ್ಪಿನಲ್ಲಲ್ಲ, ತೂಕದ ವಂಚನೆಯಲ್ಲಿ.

ಹಳೆಯ ನಾಣ್ಯವನ್ನು ಉಳಿಸುವುದರಿಂದ ಏನು ಲಾಭವೆಂದು ಕೇಳುವವರಿಗೆ ಒಂದು ಉದಾಹರಣೆ ಸಾಕು. ಝಕಾತ್‌ಗೆ ಚಿನ್ನದ ಮಿತಿ 20 ದೀನಾರ್. ಒಂದು ದೀನಾರ್ ಎಷ್ಟು ತೂಕ? ಖಲೀಫ ಅಬ್ದುಲ್ ಮಲಿಕ್ ಹಿಜರಿ 77ರಲ್ಲಿ ಹೊರಡಿಸಿದಂತಹ ದೀನಾರ್‌ಗಳು ಕರಗದೆ ಉಳಿದುದರಿಂದ, ಅವನ್ನು ತೂಗಿ 4.25 ಗ್ರಾಂ ಎಂದು ತಿಳಿಯಲಾಯಿತು. ಇಂದು ಅನೇಕ ವಿದ್ವಾಂಸರು ಹೇಳುವ 85 ಗ್ರಾಂ ಲೆಕ್ಕ ಬಂದುದು ಹೀಗೆ. ಏಳೂವರೆ ತೊಲೆಯ ಲೆಕ್ಕವನ್ನು ಅನುಸರಿಸುವವರೂ ನಮ್ಮಲ್ಲಿದ್ದಾರೆ. ಆದರೆ ಒಂದು ಇಬಾದತ್‌ನ ಅಳತೆಗೆ ಹಳೆಯ ನಾಣ್ಯಗಳು ಸಾಕ್ಷಿ ನುಡಿದವೆಂಬುದು ಸಣ್ಣ ಮಾತಲ್ಲ.

ಆದುದರಿಂದ ಮನೆಯಲ್ಲಿ ಇಂತಹ ನಾಣ್ಯವಿದ್ದರೆ ಅದನ್ನು ಉಜ್ಜಿ ಹೊಳಪಿಸಬಾರದು. ತೂಗಿ, ಎರಡೂ ಬದಿಯ ಚಿತ್ರ ತೆಗೆದು, ಯಾರಿಂದ ಬಂದುದೆಂದು ಬರೆದಿಡಬೇಕು. ವಾರಸು ಹಂಚುವಾಗ ಚಿನ್ನದ ದರದಲ್ಲಷ್ಟೇ ಬೆಲೆ ಕಟ್ಟದೆ, ನಾಣ್ಯ ಬಲ್ಲವರನ್ನು ಕೇಳಬೇಕು. ಇಲ್ಲವಾದರೆ ಸಹೋದರಿಯ ಪಾಲು ಅರಿವಿಲ್ಲದೆಯೇ ಕಡಿಮೆಯಾದೀತು. ಮಾರುವುದಾದರೆ ಐಬನ್ನು ಮುಚ್ಚಿಡದೆ ಹೇಳಬೇಕು. ನೆಲದಲ್ಲಿ ನಿಧಿಯಾಗಿ ದೊರೆತುದಾದರೆ ಜಿಲ್ಲಾಧಿಕಾರಿಗೆ ತಿಳಿಸುವುದು ಕಾನೂನು. ಸುತ್ತಿಗೆ ಹಿಡಿದ ಕೆಲಸಗಾರನ ಹೆಸರು ಯಾವ ದಾಖಲೆಯಲ್ಲಿಯೂ ಉಳಿಯಲಿಲ್ಲ. ಕೈತಪ್ಪಿ ಬಿದ್ದ ಆ ಒಂದು ಪೆಟ್ಟು ಮಾತ್ರ ಚಿನ್ನದ ಮೇಲೆ ಉಳಿದಿದೆ. ಅದನ್ನೂ ಕರಗಿಸುವುದು ಬೇಡ.