ಅಲ್ಪಾವಧಿ ಮಿಷನ್ ಯಾತ್ರೆ

ಕ್ರೈಸ್ತ ಸಭೆಗಳ ಸಾಮಾನ್ಯ ಸದಸ್ಯರು ಗುಂಪು ಕಟ್ಟಿಕೊಂಡು ಪರದೇಶಕ್ಕೆ ಹೋಗಿ, ಕೆಲವು ದಿನ ಅಥವಾ ಕೆಲವು ವಾರ ಅಲ್ಲಿದ್ದು, ಸುವಾರ್ತೆ ಸಾರುವುದು, ಮನೆ ಕಟ್ಟುವುದು, ವೈದ್ಯಕೀಯ ಶಿಬಿರ ನಡೆಸುವುದು, ಮಕ್ಕಳಿಗೆ ಬೈಬಲ್ ತರಗತಿ ಮಾಡುವುದು ಮುಂತಾದ ಕೆಲಸ ಮುಗಿಸಿ ಮರಳುವ ಪದ್ಧತಿ. ಒಂದೆರಡು ವರ್ಷದ ಸೇವೆಯನ್ನೂ ಕೆಲವು ಸಂಸ್ಥೆಗಳು ಇದೇ ಹೆಸರಿನಿಂದ ಕರೆಯುತ್ತವೆ. ರೂಢಿಯಲ್ಲಿ ಮಾತ್ರ ಇದು ರಜೆಯಲ್ಲಿ ಹೋಗಿಬರುವ ಯಾತ್ರೆ. ಹೋಗುವವರಲ್ಲಿ ಕಾಲೇಜು ವಿದ್ಯಾರ್ಥಿಗಳು, ನರ್ಸುಗಳು, ಬಡಗಿಗಳು, ನಿವೃತ್ತ ನೌಕರರು ಎಲ್ಲರೂ ಇರುತ್ತಾರೆ. ಪೂರ್ಣಾವಧಿ ಮಿಷನರಿಗಳು ಇರುವುದು ಅಪರೂಪ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದಲ್ಲಿ ರೂಪುಗೊಂಡ ಈ ಪದ್ಧತಿ ಆಮೇಲೆ ಬ್ರಿಟನ್, ದಕ್ಷಿಣ ಕೊರಿಯಾ ಮೊದಲಾದ ದೇಶಗಳ ಸಭೆಗಳಲ್ಲೂ ಬೇರೂರಿತು.

ಅದಕ್ಕೂ ಹಿಂದೆ ಮಿಷನರಿಯಾಗುವುದೆಂದರೆ ಬಹುಮಟ್ಟಿಗೆ ಊರು ಬಿಟ್ಟಂತೆಯೇ. ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದವನು ಮತ್ತೆ ಇಂಗ್ಲೆಂಡನ್ನು ನೋಡಲಿಲ್ಲ. 1834ರಲ್ಲಿ ಸೆರಾಂಪುರದಲ್ಲೇ ತೀರಿಕೊಂಡ. ಅದೇ 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದರು. ಹೆಬಿಕ್ ತನ್ನ ದೇಶಕ್ಕೆ ಹಿಂದಿರುಗಿದ್ದು 25 ವರ್ಷ ಕಳೆದ ಮೇಲೆ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಆ ಹೊತ್ತಿಗಾಗಲೇ ಏಳು ವರ್ಷ ಕನ್ನಡನಾಡಿನಲ್ಲಿ ಕಳೆದಿದ್ದ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್‌ನ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಇವರ ಧರ್ಮಪ್ರಚಾರದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಜನರ ನುಡಿ ಕಲಿಯದೆ ಬಾಯಿ ತೆರೆಯಬಾರದೆಂಬ ಶಿಸ್ತು ಅವರಲ್ಲಿ ಹಲವರಿಗಿತ್ತು. ಎಂಟು ಹತ್ತು ದಿನದ ಯಾತ್ರೆಗೆ ಆ ಶಿಸ್ತನ್ನು ಪಾಲಿಸಲು ಸಮಯವೇ ಇಲ್ಲ. ಮುಂದೆ ಈ ಪದ್ಧತಿಯ ಮೇಲೆ ಬಂದ ಆಕ್ಷೇಪಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಹುಟ್ಟಿದವು.

ದೀರ್ಘವಾಸ ಹೋಗಿ ಅಲ್ಪಾವಧಿ ಯಾತ್ರೆ ಬಂದ ಈ ಬದಲಾವಣೆಗೆ ಧರ್ಮಶಾಸ್ತ್ರಕ್ಕಿಂತ ವಿಮಾನವೇ ಹೆಚ್ಚು ಕಾರಣವೆನ್ನಬೇಕು. 1958ರ ಅಕ್ಟೋಬರಿನಲ್ಲಿ ಬೋಯಿಂಗ್ 707 ಜೆಟ್ ನ್ಯೂಯಾರ್ಕ್–ಪ್ಯಾರಿಸ್ ನಡುವೆ ಹಾರತೊಡಗಿತು. ಹಡಗಿನಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ದೂರ ಒಂದು ಹಗಲಿಗೆ ಇಳಿಯಿತು. ಯುದ್ಧಾನಂತರದ ಅಮೆರಿಕದ ಮಧ್ಯಮವರ್ಗದ ಕೈಯಲ್ಲಿ ದುಡ್ಡಿತ್ತು, ಕಾಲೇಜು ಹುಡುಗರಿಗೆ ಬೇಸಿಗೆಯ ದೀರ್ಘ ರಜೆಯಿತ್ತು. ಅದೇ ಕಾಲಕ್ಕೆ ಏಷ್ಯಾ, ಆಫ್ರಿಕಾದ ವಸಾಹತುಗಳು ಒಂದೊಂದಾಗಿ ಸ್ವತಂತ್ರವಾಗಿ, ಹೊರಗಿನ ಮಿಷನರಿಗಳು ನೆಲೆಯೂರುವುದು ಹಲವೆಡೆ ಕಷ್ಟವಾಯಿತು. ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಜನಾಂಗದ ಪ್ರೆಸ್ಬಿಟೀರಿಯನ್ ಪಾದ್ರಿ ಜೇಮ್ಸ್ ರಾಬಿನ್‌ಸನ್ 1958ರಲ್ಲಿ ‘ಆಪರೇಷನ್ ಕ್ರಾಸ್‌ರೋಡ್ಸ್ ಆಫ್ರಿಕಾ’ ಹೆಸರಿನಲ್ಲಿ ವಿದ್ಯಾರ್ಥಿಗಳನ್ನು ಬೇಸಿಗೆಯಲ್ಲಿ ಪಶ್ಚಿಮ ಆಫ್ರಿಕಾಕ್ಕೆ ಕರೆದೊಯ್ದು ಅಲ್ಲಿನವರ ಜೊತೆ ದುಡಿಯಲು ಹಚ್ಚಿದ. ಇದರಲ್ಲಿ ಮತಪ್ರಚಾರಕ್ಕಿಂತ ಗೆಳೆತನಕ್ಕೆ ಒತ್ತಿತ್ತು. 1961ರಲ್ಲಿ ಸರ್ಕಾರದ ವತಿಯಿಂದ ವಿದೇಶಕ್ಕೆ ಸ್ವಯಂಸೇವಕರನ್ನು ಕಳಿಸುವ ಪೀಸ್ ಕೋರ್ ಸ್ಥಾಪಿಸಿದ ಅಧ್ಯಕ್ಷ ಕೆನಡಿ ಅದರ ಮೂಲ ಈ ಕ್ರಾಸ್‌ರೋಡ್ಸ್ ಎಂದು ಒಪ್ಪಿಕೊಂಡಿದ್ದರು. ಪಾದ್ರಿಯೊಬ್ಬ ಹಾಕಿದ ದಾರಿಯಲ್ಲಿ ಸರ್ಕಾರ ನಡೆದದ್ದಕ್ಕೆ ಇದೊಂದು ನಿದರ್ಶನ.

ಸುವಾರ್ತೆಯನ್ನೇ ಮುಖ್ಯವಾಗಿಟ್ಟುಕೊಂಡ ಯಾತ್ರೆಗಳಿಗೆ ಇಬ್ಬರು ಯುವಕರು ಅಡಿಪಾಯ ಹಾಕಿದರು. ಜಾರ್ಜ್ ವರ್ವರ್ 1957ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಇಬ್ಬರು ಗೆಳೆಯರ ಜೊತೆ ಹಳೆಯ ಟ್ರಕ್ಕಿನಲ್ಲಿ ಸ್ಪ್ಯಾನಿಷ್ ಸುವಾರ್ತಾ ಪುಸ್ತಕಗಳನ್ನು ತುಂಬಿಕೊಂಡು ಮೆಕ್ಸಿಕೊಗೆ ಹೋದ. ಬೆಳೆದು ನಿಂತ ಆ ಕೆಲಸಕ್ಕೆ ‘ಆಪರೇಷನ್ ಮೊಬಿಲೈಸೇಷನ್’ ಎಂಬ ಹೆಸರಾಯಿತು. ಇನ್ನೊಬ್ಬ ಲೊರೆನ್ ಕನ್ನಿಂಗ್‌ಹ್ಯಾಮ್. ಲೋಕದ ಖಂಡಗಳ ಮೇಲೆ ಅಲೆಗಳಂತೆ ನುಗ್ಗುವ ಯುವಜನರನ್ನು 1956ರಲ್ಲಿ ಬಹಾಮಾ ದ್ವೀಪದಲ್ಲಿ ದರ್ಶನದಲ್ಲಿ ಕಂಡೆನೆಂದು ಹೇಳಿಕೊಂಡ ಈತ 1960ರಲ್ಲಿ ‘ಯೂತ್ ವಿತ್ ಎ ಮಿಷನ್’ ಆರಂಭಿಸಿದ. 1964ರ ಬೇಸಿಗೆಯಲ್ಲಿ 146 ಯುವಜನರ ತಂಡ ಅದೇ ಬಹಾಮಾಕ್ಕೆ ಹೋಯಿತು. ಆ ಬೇಸಿಗೆಯಲ್ಲೇ ಕ್ಲಿಯೊ ಚಂಡಮಾರುತ ಆ ಭಾಗಕ್ಕೆ ಬಡಿಯಿತು. ಸಂಸ್ಥೆಯವರ ಕಥನದಲ್ಲಿ ಆ ಬಿರುಗಾಳಿಗೆ ದೊಡ್ಡ ಪಾತ್ರವಿದೆ: ಸುವಾರ್ತೆಯ ಜೊತೆಗೆ ಸಂಕಟದಲ್ಲಿದ್ದವರ ಸೇವೆಯೂ ಆಗಬೇಕೆಂಬ ಯೋಚನೆ, ಹಡಗಿನಲ್ಲಿ ನೆರವು ಒಯ್ಯುವ ಕನಸು ಅಲ್ಲೇ ಮೊಳೆಯಿತಂತೆ. ಓದು ಮುಗಿಸದ, ತರಬೇತಿಯಿಲ್ಲದ ಹುಡುಗರನ್ನು ಕಳಿಸುವುದು ಹಿರಿಯರಿಗೆ ಹಿಡಿಸಲಿಲ್ಲ. ಕನ್ನಿಂಗ್‌ಹ್ಯಾಮ್ ಕಡೆಗೆ ಪಾದ್ರಿ ಸ್ಥಾನ ಬಿಟ್ಟು ತನ್ನ ಪಂಗಡದಿಂದ ಹೊರಬರಬೇಕಾಯಿತು. ವರ್ವರ್ ಮತ್ತು ಕನ್ನಿಂಗ್‌ಹ್ಯಾಮ್ ಇಬ್ಬರೂ 2023ರಲ್ಲಿ ನಿಧನರಾದರು.

ಹಡಗು ಇಬ್ಬರ ಸಂಸ್ಥೆಗಳಿಗೂ ಬಂತು. ವರ್ವರ್‌ನ ಸಂಸ್ಥೆ ಕೊಂಡ ‘ಲೋಗೋಸ್’ 1971ರಲ್ಲಿ ಲಂಡನ್ ಬಿಟ್ಟು ಭಾರತದತ್ತ ಹೊರಟಿತು. ಪುಸ್ತಕದಂಗಡಿಯನ್ನೇ ಹೊತ್ತು ಬಂದರಿನಿಂದ ಬಂದರಿಗೆ ತಿರುಗುತ್ತಿದ್ದ ಈ ಹಡಗು 1988ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತುತ್ತತುದಿಯ ಬೀಗಲ್ ಕಾಲುವೆಯಲ್ಲಿ ಬಂಡೆಗೆ ಸಿಕ್ಕಿ ನಾಶವಾಯಿತು, ಅದರಲ್ಲಿದ್ದವರೆಲ್ಲ ಬದುಕುಳಿದರು. ಕನ್ನಿಂಗ್‌ಹ್ಯಾಮ್‌ನ ಬಳಗದಿಂದ 1978ರಲ್ಲಿ ‘ಮರ್ಸಿ ಶಿಪ್ಸ್’ ಹುಟ್ಟಿ, ಆಮೇಲೆ ಸ್ವತಂತ್ರ ಆಸ್ಪತ್ರೆ ಹಡಗುಗಳ ಸಂಸ್ಥೆಯಾಯಿತು. 1970ರಲ್ಲಿ ಶುರುವಾದ ‘ಟೀನ್ ಮಿಷನ್ಸ್’ ಹದಿಹರೆಯದವರಿಗೂ ದಾರಿ ತೆರೆಯಿತು. ಇಷ್ಟರ ಮೇಲೆ ಸಂಸ್ಥೆಗಳ ಹಂಗೂ ಬೇಡವಾಗಿ, ಒಂದೊಂದು ಊರಿನ ಸಭೆ ತಾನೇ ನೇರವಾಗಿ ತಂಡ ಕಟ್ಟಿ ಕಳಿಸತೊಡಗಿತು.

ಯಾತ್ರೆಯ ನಡಾವಳಿ ಹೆಚ್ಚುಕಡಿಮೆ ಎಲ್ಲೆಡೆ ಒಂದೇ. ಹೊರಡುವವರು ತಿಂಗಳುಗಟ್ಟಲೆ ಮೊದಲೇ ನೆಂಟರಿಗೆ, ಗೆಳೆಯರಿಗೆ, ಸಭೆಯವರಿಗೆ ಪತ್ರ ಬರೆದು ಪ್ರಾರ್ಥನೆಯನ್ನೂ ಹಣವನ್ನೂ ಕೇಳುತ್ತಾರೆ. ಕಾರು ತೊಳೆದು, ತಿಂಡಿ ಮಾರಿ ದುಡ್ಡು ಕೂಡಿಸುವುದೂ ಉಂಟು. ಒಂದೇ ಬಣ್ಣದ ಟೀ ಶರ್ಟು ತಂಡದ ಗುರುತು. ಅಲ್ಲಿ ಬೆಳಿಗ್ಗೆ ಪ್ರಾರ್ಥನೆ, ಹಗಲು ಗೋಡೆ ಕಟ್ಟುವ ಇಲ್ಲವೇ ಬಣ್ಣ ಬಳಿಯುವ ಕೆಲಸ, ಮಧ್ಯಾಹ್ನ ಮಕ್ಕಳ ಕೂಟ, ಭಾಷೆ ಬಾರದ ಕಡೆ ಮೂಕನಾಟಕ, ರಾತ್ರಿ ಸುತ್ತ ಕುಳಿತು ಅನುಭವ ಹಂಚಿಕೆ. ಕೊನೆಯ ದಿನ ಪೇಟೆ ಸುತ್ತಾಟ. ಊರಿಗೆ ಬಂದ ಮೇಲೆ ಭಾನುವಾರದ ಆರಾಧನೆಯಲ್ಲಿ ಚಿತ್ರ ತೋರಿಸಿ ಸಾಕ್ಷಿ ಹೇಳುವುದು. ಈ ಸಾಕ್ಷಿಗಳಿಗೂ ಒಂದು ಅಚ್ಚಿದೆ: ಅವರ ಬಳಿ ಏನೂ ಇಲ್ಲ, ಆದರೂ ಎಷ್ಟು ಸಂತೋಷವಾಗಿದ್ದಾರೆ; ಕೊಡಲು ಹೋದ ನಾವೇ ಪಡೆದು ಬಂದೆವು. ವೀಟನ್ ಕಾಲೇಜಿನ ಮಾನವಶಾಸ್ತ್ರಜ್ಞ ಬ್ರಯನ್ ಹವೆಲ್ 2012ರ ತಮ್ಮ ಪುಸ್ತಕದಲ್ಲಿ, ಹೋಗುವವರು ಏನನ್ನು ಕಾಣುತ್ತಾರೆಂಬುದನ್ನು ಹೊರಡುವ ಮೊದಲೇ ಇಂಥ ಕಥನಗಳು ತಿದ್ದಿಟ್ಟಿರುತ್ತವೆ ಎಂದು ತೋರಿಸಿದರು.

ಆತಿಥೇಯರ ಕಡೆಯ ಕಥೆ ಇಷ್ಟಾಗಿ ದಾಖಲಾಗಿಲ್ಲ. ವಿಮಾನ ನಿಲ್ದಾಣಕ್ಕೆ ವಾಹನ ಕಳಿಸಬೇಕು, ಕುದಿಸಿದ ನೀರು ಒದಗಿಸಬೇಕು, ಅನುವಾದಕರನ್ನು ಹುಡುಕಬೇಕು, ಹೊಟ್ಟೆ ಕೆಟ್ಟವರನ್ನು ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿನ ಪಾಸ್ಟರಿಗೆ ತನ್ನ ಸ್ವಂತ ಕೆಲಸ ಆ ವಾರ ನಿಂತಂತೆಯೇ. ಒಂದು ತಂಡ ಬಳಿದ ಗೋಡೆಗೆ ಮುಂದಿನ ತಂಡ ಮತ್ತೆ ಬಣ್ಣ ಬಳಿಯಿತೆಂಬ ನಗೆಮಾತು ಮಿಷನ್ ವಲಯದಲ್ಲಿ ಓಡಾಡುತ್ತಲೇ ಇರುತ್ತದೆ. ಇಷ್ಟಿದ್ದೂ ತಂಡಗಳನ್ನು ಬೇಡವೆನ್ನುವ ಸಭೆಗಳು ಕಡಿಮೆ. ಅತಿಥಿಗಳ ಹಿಂದೆ ಹಣವೂ ನಂಟೂ ಬರುತ್ತದೆಂಬುದು ಅವರಿಗೆ ಗೊತ್ತು.

2005ರ ಸಮೀಕ್ಷೆಯೊಂದನ್ನು ಆಧರಿಸಿ ಸಮಾಜಶಾಸ್ತ್ರಜ್ಞ ರಾಬರ್ಟ್ ವುಥ್ನೋ ಕಟ್ಟಿದ ಅಂದಾಜಿನಂತೆ ಅಮೆರಿಕದ ಸಭೆಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಜನ ಹೀಗೆ ಪರದೇಶಕ್ಕೆ ಹೋಗುತ್ತಿದ್ದರು. ಮೆಕ್ಸಿಕೊ, ಮಧ್ಯ ಅಮೆರಿಕ, ಕೆರಿಬಿಯನ್ ದ್ವೀಪಗಳೆಂದರೆ ಹೆಚ್ಚು ಒಲವು. ವಿಮಾನದ ಖರ್ಚು ಕಡಿಮೆ. ಇದರಿಂದ ಆದದ್ದೇನು ಎಂಬುದನ್ನು ಮೊದಮೊದಲು ಲೆಕ್ಕ ಹಿಡಿದು ಅಳೆದವರಲ್ಲಿ ಒಬ್ಬರು ಕರ್ಟ್ ವೆರ್ ಬೀಕ್. 1998ರ ಮಿಚ್ ಚಂಡಮಾರುತ ಹೊಂಡುರಾಸನ್ನು ನೆಲಸಮ ಮಾಡಿದ ಮೇಲೆ ಉತ್ತರ ಅಮೆರಿಕದ ತಂಡಗಳು ಅಲ್ಲಿ ಮನೆ ಕಟ್ಟಲು ಧಾವಿಸಿದ್ದವು. ಸ್ಥಳೀಯ ಕ್ರೈಸ್ತ ಸಂಸ್ಥೆ ಸುಮಾರು 2,000 ಡಾಲರಿನಲ್ಲಿ ಕಟ್ಟುತ್ತಿದ್ದ ಮನೆಗೆ, ಪ್ರಯಾಣವೂ ಸೇರಿ, ತಂಡವೊಂದು ಸರಾಸರಿ 30,000 ಡಾಲರ್ ಖರ್ಚು ಮಾಡಿತ್ತು. ಮನೆ ಪಡೆದವರ ಬದುಕಿನಲ್ಲಿ, ಯಾರು ಕಟ್ಟಿದರೆಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ಬದುಕು ಬದಲಾಯಿತೆಂಬ ಮಾತೂ ಅವರ ದಾನ, ಪ್ರಾರ್ಥನೆಯ ರೂಢಿಗಳಲ್ಲಿ ಅಷ್ಟಾಗಿ ಮೂಡಿರಲಿಲ್ಲ. 2006ರಲ್ಲಿ ಪ್ರಕಟವಾದ ಈ ಅಧ್ಯಯನ ಯಾತ್ರೆಯ ಪರವಾದಿಗಳಿಗೆ ನುಂಗಲಾರದ ತುತ್ತಾಯಿತು, ಏಕೆಂದರೆ ಬರೆದವರು ಕ್ರೈಸ್ತ ಕಾಲೇಜೊಂದರ ಅಧ್ಯಾಪಕರೇ. ಮೂರು ವರ್ಷದ ಮೇಲೆ ಸ್ಟೀವ್ ಕಾರ್ಬೆಟ್ ಮತ್ತು ಬ್ರಯನ್ ಫಿಕರ್ಟ್, ನೆರವೇ ಬಡವರನ್ನು ಕುಗ್ಗಿಸಬಹುದೆಂದು ಪುಸ್ತಕವೊಂದನ್ನು ಬರೆದರು. ಅದನ್ನೂ ಸಭೆಗಳೇ ಹೆಚ್ಚಾಗಿ ಓದಿದವು.

ಏಷ್ಯಾದಲ್ಲಿ ಈ ಪದ್ಧತಿಯನ್ನು ಅತಿ ಉತ್ಸಾಹದಿಂದ ಕೈಗೆತ್ತಿಕೊಂಡದ್ದು ದಕ್ಷಿಣ ಕೊರಿಯಾ. 1989ರಲ್ಲಿ ಸಾಮಾನ್ಯರಿಗೆ ವಿದೇಶ ಪ್ರಯಾಣ ಮುಕ್ತವಾದದ್ದೇ ತಡ, ಅಲ್ಲಿನ ದೊಡ್ಡ ಸಭೆಗಳು ಬೇಸಿಗೆ ತಂಡಗಳನ್ನು ಕಳಿಸತೊಡಗಿದವು. 2007ರ ಜುಲೈ 19ರಂದು ಸಿಯೋಲ್ ಬಳಿಯ ಸೇಮ್‌ಮುಲ್ ಸಭೆಯ ಸೇವಾ ತಂಡದ 23 ಜನರನ್ನು ಅಫ್ಘಾನಿಸ್ತಾನದ ಘಜ್ನಿ ಪ್ರಾಂತ್ಯದಲ್ಲಿ ಕಾಬೂಲ್–ಕಂದಹಾರ್ ಹೆದ್ದಾರಿಯಲ್ಲಿ ತಾಲಿಬಾನ್ ಬಸ್ಸು ತಡೆದು ಒತ್ತೆಯಿರಿಸಿಕೊಂಡಿತು. ಅವರಲ್ಲಿ 16 ಮಂದಿ ಹೆಂಗಸರು. ತಂಡದ ಪಾದ್ರಿಯನ್ನೂ ಇನ್ನೊಬ್ಬ ಯುವಕನನ್ನೂ ಕೊಂದರು. ಉಳಿದ 21 ಜನ ಆಗಸ್ಟ್ ಕೊನೆಯ ಹೊತ್ತಿಗೆ ಬಿಡುಗಡೆಯಾದರು. ಕೊರಿಯಾ ಅಲ್ಲಿದ್ದ ತನ್ನ ಸೇನೆಯನ್ನು ವರ್ಷಾಂತ್ಯದೊಳಗೆ ಹಿಂದಕ್ಕೆ ಕರೆಸುವುದು, ಅಫ್ಘಾನಿಸ್ತಾನದಲ್ಲಿ ಮಿಷನ್ ಕೆಲಸ ನಿಲ್ಲಿಸುವುದು ಒಪ್ಪಂದದ ಷರತ್ತುಗಳು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ, ಆ ದೇಶಕ್ಕೆ ಹೋಗಬೇಡಿರೆಂಬ ಸರ್ಕಾರಿ ಎಚ್ಚರಿಕೆಯ ಪಕ್ಕದಲ್ಲೇ ತಂಡ ನಗುತ್ತಾ ತೆಗೆಸಿಕೊಂಡ ಚಿತ್ರ ದೇಶದಲ್ಲೆಲ್ಲ ಹರಡಿತು. ಸತ್ತವರಿಗಾಗಿ ಮರುಗಿದಷ್ಟೇ ಕೊರಿಯಾದ ಜನ ಸಭೆಗಳ ಮೇಲೆ ಕೆರಳಿದರು. ಅದೇ ವರ್ಷ ಸರ್ಕಾರ ಅಫ್ಘಾನಿಸ್ತಾನದ ಪ್ರಯಾಣವನ್ನೇ ನಿಷೇಧಿಸಿತು.

ಇನ್ನೊಂದು ಹಗರಣ ಹೈಟಿಯದು. 2010ರ ಜನವರಿಯ ಭೂಕಂಪದ ನಂತರದ ದಿನಗಳಲ್ಲಿ ಅಮೆರಿಕದ 10 ಮಂದಿ ಬ್ಯಾಪ್ಟಿಸ್ಟರು 33 ಮಕ್ಕಳನ್ನು ಕಾಗದಪತ್ರವಿಲ್ಲದೆ ಗಡಿ ದಾಟಿಸಲು ಹೋಗಿ ಬಂಧನಕ್ಕೊಳಗಾದರು. ಅನಾಥರೆಂದು ಹೇಳಲಾದ ಆ ಮಕ್ಕಳಲ್ಲಿ ಹಲವರಿಗೆ ತಂದೆತಾಯಿಗಳಿದ್ದರು. ಅನಾಥಾಲಯಗಳ ಭೇಟಿ ಯಾತ್ರೆಗಳ ಅಚ್ಚುಮೆಚ್ಚಿನ ಭಾಗವಾಗಿದ್ದರಿಂದ, ಬರುವ ಅತಿಥಿಗಳಿಗಾಗಿಯೇ ಮಕ್ಕಳನ್ನು ಮನೆಯಿಂದ ಬಿಡಿಸಿ ತರುವ ದಂಧೆ ಕಾಂಬೋಡಿಯಾ ಮೊದಲಾದೆಡೆ ಬೆಳೆದದ್ದು ಬೆಳಕಿಗೆ ಬಂತು. ಆಸ್ಟ್ರೇಲಿಯಾ 2018ರಲ್ಲಿ ಆಧುನಿಕ ಗುಲಾಮಗಿರಿ ವಿರುದ್ಧದ ಕಾಯ್ದೆ ಮಾಡುವಾಗ ಇದನ್ನೂ ಗಣನೆಗೆ ತೆಗೆದುಕೊಂಡಿತು.

ತಿದ್ದುಪಡಿಯ ಯತ್ನಗಳು ಒಳಗಿನಿಂದಲೇ ನಡೆದಿವೆ. ಅಮೆರಿಕದ ಮಿಷನ್ ಸಂಸ್ಥೆಗಳು 2003ರಲ್ಲಿ ಏಳು ಮಾನದಂಡಗಳನ್ನು ಒಪ್ಪಿಕೊಂಡವು. ಆತಿಥೇಯರ ಜೊತೆ ಸಮಾನ ಪಾಲುದಾರಿಕೆ, ಹೊರಡುವ ಮುನ್ನ ತಕ್ಕ ತರಬೇತಿ, ಬಂದ ಮೇಲೆ ಅನುಸರಣೆ ಅವುಗಳಲ್ಲಿ ಸೇರಿವೆ. ಕಣ್ಣಿನ ಶಸ್ತ್ರಚಿಕಿತ್ಸೆ, ಸೀಳುತುಟಿ ಸರಿಪಡಿಸುವಂಥ ಪರಿಣತರ ಶಿಬಿರಗಳು ಸ್ಥಳೀಯ ಆಸ್ಪತ್ರೆಯ ಜೊತೆಗೂಡಿ ನಡೆದಾಗ ಅಲ್ಪಾವಧಿಯಲ್ಲೂ ನಿಜವಾದ ಉಪಕಾರವಾಗುತ್ತದೆ. ಆದರೆ ಸುತ್ತಿಗೆ ಹಿಡಿದು ಗೊತ್ತಿಲ್ಲದವರು ಗೋಡೆ ಕಟ್ಟಿದರೆ ಕೂಲಿ ತಪ್ಪುವುದು ಆ ಊರಿನ ಗಾರೆಯವನಿಗೆ. 2020ರಲ್ಲಿ ಕೋವಿಡ್ ಬಂದು ಯಾತ್ರೆಗಳು ಏಕಾಏಕಿ ನಿಂತವು.

ಭಾರತದಲ್ಲಿ ವಿದೇಶಿ ಮಿಷನರಿಗಳ ಪ್ರವೇಶ 1950ರ ದಶಕದಿಂದಲೇ ಬಿಗಿಯಾಗುತ್ತ ಬಂತು. ಮಧ್ಯಪ್ರದೇಶ ಸರ್ಕಾರ ನೇಮಿಸಿದ ನಿಯೋಗಿ ಸಮಿತಿ 1956ರಲ್ಲಿ ಅವರ ಚಟುವಟಿಕೆಗಳ ವಿರುದ್ಧ ಕಟುವಾದ ವರದಿ ಕೊಟ್ಟಿತು. ವಿದೇಶಿಯರ ಜಾಗವನ್ನು ಭಾರತೀಯರ ಮಿಷನ್ ಸಂಸ್ಥೆಗಳು ತುಂಬಿದವು. ಅವುಗಳಲ್ಲೊಂದಾದ ‘ಇಂಡಿಯನ್ ಇವ್ಯಾಂಜೆಲಿಕಲ್ ಮಿಷನ್’ 1965ರಲ್ಲಿ ಸ್ಥಾಪನೆಯಾಗಿ ಬೆಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡಿದೆ. ಪ್ರವಾಸಿ ವೀಸಾದ ಮೇಲೆ ಬಂದು ಮತಪ್ರಚಾರ ಮಾಡುವಂತಿಲ್ಲ. 2021ರ ಮಾರ್ಚಿನ ಅಧಿಸೂಚನೆಯ ಪ್ರಕಾರ ಸಾಗರೋತ್ತರ ಭಾರತೀಯ ಕಾರ್ಡ್ ಉಳ್ಳವರಿಗೂ ಮಿಷನರಿ ಕೆಲಸಕ್ಕೆ ವಿಶೇಷ ಅನುಮತಿ ಬೇಕು. ಅಮೆರಿಕದ ಪೌರತ್ವ ಪಡೆದು ಈ ಕಾರ್ಡ್ ಹೊಂದಿರುವ ಕನ್ನಡಿಗ ಕ್ರೈಸ್ತರು ಅಲ್ಲಿನ ತಮ್ಮ ಸಭೆಯ ತಂಡದೊಡನೆ ಮಿಷನರಿ ಕೆಲಸಕ್ಕೆಂದು ತಾಯ್ನಾಡಿಗೆ ಬಂದರೆ ಅವರಿಗೂ ಇದೇ ನಿಯಮ ಅನ್ವಯಿಸುತ್ತದೆ.