ಕನಸು ಒಬ್ಬರದು, ಕೈ ಇನ್ನೊಬ್ಬರದು

ಇಟಲಿಯ ಚಿತ್ರಕಾರರೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವವರು ಆಂಟೋನಿಯೊ ಮೊಸ್ಕೆನಿ. ಯೇಸುಸಭೆಯ ಈ ಬ್ರದರ್ 1899ರಿಂದ 1901ರವರೆಗೆ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆ, ಮೇಲ್ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ತಮ್ಮ ನಾಡಿನ ವಿದ್ಯೆಯನ್ನು ಇಲ್ಲಿಗೆ ತಂದುಕೊಟ್ಟರು. ಮುಕ್ಕಾಲು ಶತಮಾನ ಕಳೆದು, 1973ರಲ್ಲಿ, ಭಾರತಕ್ಕೆ ಬಂದ ಫ್ರಾನ್ಸೆಸ್ಕೊ ಕ್ಲೆಮೆಂಟೆಯವರದು ಇದಕ್ಕೆ ವಿರುದ್ಧವಾದ ದಾರಿ. ಅವರು ಇಲ್ಲಿನ ವಿದ್ಯೆಯನ್ನು ಅರಸಿ ಬಂದವರು.

1952ರಲ್ಲಿ ನೇಪಲ್ಸಿನಲ್ಲಿ ಹುಟ್ಟಿದ ಕ್ಲೆಮೆಂಟೆ ಮತ್ತೆ ಮತ್ತೆ ಬಂದು ಮದರಾಸಿನಲ್ಲಿ ನೆಲೆಸಿ ಕೆಲಸ ಮಾಡಿದರು. ಅವರ ಚಿತ್ರಗಳಲ್ಲಿ ದೇಹವು ತುಂಡಾಗಿ ತೇಲುತ್ತದೆ, ಮುಖವು ಬೇರೊಂದು ಜೀವವಾಗಿ ಮಾರ್ಪಡುತ್ತದೆ. ಎಚ್ಚರದ ತರ್ಕ ಅಲ್ಲಿ ನಡೆಯದು. 1924ರಲ್ಲಿ ಆಂದ್ರೆ ಬ್ರೆತೋನ್ ಪ್ರಣಾಳಿಕೆ ಬರೆದು ಸಾರಿದ ಅತಿವಾಸ್ತವವಾದದ ನೆರಳು ಇಲ್ಲಿ ಕಾಣುತ್ತದೆ. ಆದರೆ ನರಸಿಂಹನನ್ನೂ ಗಂಡಭೇರುಂಡವನ್ನೂ ಬಾಲ್ಯದಿಂದ ನೋಡಿ ಬೆಳೆದ ನಮಗೆ ಈ ರೂಪಾಂತರಗಳು ಅಷ್ಟೇನೂ ವಿಚಿತ್ರವೆನಿಸವು. ಯುರೋಪು ಬಂಡಾಯವೆದ್ದು ಗಳಿಸಿದ ಸ್ವಾತಂತ್ರ್ಯ ನಮ್ಮ ದೇಗುಲದ ಕಂಬಗಳಲ್ಲಿ ಸಹಜವಾಗಿಯೇ ಇತ್ತು.

1980ರ ‘ಇಬ್ಬರು ಚಿತ್ರಕಾರರು’ ಎಂಬ ಕೃತಿಗೆ ಅವರು ಬಳಸಿದ್ದು ಪಾಂಡಿಚೇರಿಯ ಕೈಕಾಗದದ ಒಂಬತ್ತು ಹಾಳೆಗಳನ್ನು. ಅವುಗಳನ್ನು ಹತ್ತಿಬಟ್ಟೆಯ ಪಟ್ಟಿಗಳಿಂದ ಜೋಡಿಸಲಾಗಿದೆ. ಇದೇ ಕಾಲದ, 1980–81ರ, ಇಪ್ಪತ್ನಾಲ್ಕು ಕಿರುಚಿತ್ರಗಳ ಮಾಲೆಯೊಂದಿದೆ. ಸಾಂಪ್ರದಾಯಿಕ ಕಿರುಚಿತ್ರಕಲೆಯಲ್ಲಿ ಪಳಗಿದ ಭಾರತೀಯ ಕಲಾವಿದರ ಕೈಕೆಲಸ ಅದರಲ್ಲಿ ಸೇರಿದೆ. ಮಾಲೆಯ ಹೆಸರು ಮಾತ್ರ ‘ಫ್ರಾನ್ಸೆಸ್ಕೊ ಕ್ಲೆಮೆಂಟೆ ಪಿಂಕ್ಸಿತ್’. ಲ್ಯಾಟಿನ್ನಿನ ಆ ಕೊನೆಯ ಪದಕ್ಕೆ ‘ಚಿತ್ರಿಸಿದನು’ ಎಂದರ್ಥ. ಯುರೋಪಿನ ಹಳೆಯ ಚಿತ್ರಕಾರರು ತಮ್ಮ ರುಜುವಿನೊಡನೆ ಬರೆಯುತ್ತಿದ್ದ ಮಾತು.

ಚಿತ್ರಿಸಿದವನು ಯಾರು? ಕಲ್ಪನೆ ಕ್ಲೆಮೆಂಟೆಯವರದೇ. ಒಂದು ಕೂದಲಿನಷ್ಟು ತೆಳುವಾದ ಗೆರೆಯನ್ನು ನಡುಗದೆ ಎಳೆದ ಕೈ ಅವರೊಬ್ಬರದೇ ಅಲ್ಲ. ಇದು ಮೋಸವೆಂದು ನಾನು ಹೇಳಲಾರೆ. ಮೊಗಲರ ಕಾರ್ಖಾನೆಯಲ್ಲಿಯೂ ಯುರೋಪಿನ ಗುರುಗಳ ಚಿತ್ರಶಾಲೆಯಲ್ಲಿಯೂ ಹಲವು ಕೈಗಳು ದುಡಿದಿವೆ. ಶೀರ್ಷಿಕೆಯ ಹಿಂದೆ ಒಂದು ಕುಚೋದ್ಯವೂ ಇರಬಹುದು. ಆದರೆ ಮೊಗಲ್ ಚಿತ್ರಗಳ ಅಂಚಿನಲ್ಲಿ ರೇಖೆ ಎಳೆದವನ ಹೆಸರು, ಬಣ್ಣ ತುಂಬಿದವನ ಹೆಸರು ಬೇರೆಬೇರೆಯಾಗಿ ನಮೂದಾಗಿರುವುದುಂಟು. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಕನ್ನಡದಲ್ಲಿಯೇ ಇದೆ. ವಿಷ್ಣುವರ್ಧನನ ಕೀರ್ತಿಗೆ ಅದರಿಂದ ಕುಂದಾಗಲಿಲ್ಲ. ನಾನಿರುವ ಇಂದಾಪುರದಂಥ ಹೆದ್ದಾರಿಯ ಊರುಗಳಲ್ಲಿಯೂ, ಫ್ಲೆಕ್ಸ್ ಬರುವ ಮೊದಲು, ಅಂಗಡಿಯ ಫಲಕದ ಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆಯುತ್ತಿದ್ದ.

ಊರು ಬಿಟ್ಟು ಬಂದ ನಮಗೆ ಹೆಸರಿನ ಬೆಲೆ ಗೊತ್ತು. ಕಲೆಯ ಇತಿಹಾಸವು ಕನಸು ಕಂಡವನನ್ನು ಕೊಂಡಾಡಲಿ. ಆ ಕನಸಿಗೆ ಗೆರೆ ಕೊಟ್ಟವನ ಹೆಸರಿಗೂ ಅಂಚಿನಲ್ಲೊಂದು ಅಂಗುಲ ಜಾಗವಿರಲಿ.